ಎರಡೇ ಹನಿ
ಸಿದ್ದಿ ನವಾಬರಾಳಿದ ಸಚಿನ್ ಈಗ ಗಿರಣಿಗಳ ಬೀಡು. ಪೋಲಿಯೊ ಅಳಿಸಲು ರೋಟರಿಯವರು 1985ರಿಂದ ಜಗತ್ತಿನಾದ್ಯಂತ ನಿಧಿ ಕೂಡಿಸಿದರು. ಹಣವೊಂದೇ ಸಾಲದಷ್ಟೆ! 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ಮನೆಮನೆಗೆ ನಡೆಯುವ ಕಾಲುಗಳೂ ಬೇಕಾದವು.

ಒಂದು ಭಾನುವಾರ ನಮ್ಮ ತರುಣರೊಡನೆ, ಕಡತ ತಿರುವುವ ನಾವೂ ಗಿರಣಿಯ ಹಿಂದಿನ ಗುಡಿಸಲುಗಳಿಗೆ ಹೊರಟೆವು. ಊರು ಬಿಟ್ಟು ವಾರವಾಗದ ಕಲಬುರಗಿಯ ತಾಯಿಯೊಬ್ಬಳು, ಗುಜರಾತಿ ತಿಳಿಯದೆ, ಬಂದವರಿಗೆಲ್ಲ ಬಾಗಿಲು ಮುಚ್ಚಿದ್ದಳಂತೆ. "ಯವ್ವಾ, ಎರಡೇ ಹನಿ" ಎಂದೆವು, ಬಾಗಿಲು ತೆರೆಯಿತು. ಕೂಸಿನ ಕಿರುಬೆರಳಿಗೆ ಶಾಯಿ ಹಚ್ಚುವಾಗ ಅವಳು ನಮ್ಮ ಊರು, ಮನೆತನವನ್ನೆಲ್ಲ ವಿಚಾರಿಸಿಬಿಟ್ಟಳು!

ಭಾರತದಲ್ಲಿ ನಿಸರ್ಗಜನ್ಯ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಹನಿ ಹಾಕುವುದು ಮಾತ್ರ ಇನ್ನೂ ನಿಂತಿಲ್ಲ. ಬಾಂಧವರೆ, ಮುಂದಿನ ಸರದಿಗೆ ಕನ್ನಡ ಬಲ್ಲ ಕಾಲುಗಳು ಬೇಕಾಗಿವೆ.