ಕೈವಾರವನ್ನು ಮೀರಿದ ದುಂಡಕ್ಷರ

ಅಂಗಡಿಯ ಫಲಕದ ಮೇಲೋ, ಚಲನಚಿತ್ರದ ಭಿತ್ತಿಪತ್ರದ ಮೇಲೋ ದಪ್ಪನಾಗಿ, ದುಂಡಗೆ ನಿಂತು ದಾರಿಹೋಕರ ದೃಷ್ಟಿಯನ್ನು ದೂರದಿಂದಲೇ ಸೆಳೆಯುವ ಇಂಗ್ಲಿಷ್ ಅಕ್ಷರಗಳನ್ನು ಕಂಡಾಗ, ಕೈವಾರವೂ ಅಳತೆಪಟ್ಟಿಯೂ ಇದ್ದರೆ ಯಾರು ಬೇಕಾದರೂ ಅಂಥವನ್ನು ಬರೆದು ಮುಗಿಸಬಹುದೆಂದು ತೋರುವುದು ಸಹಜ. ಆದರೆ ಶುದ್ಧ ಜ್ಯಾಮಿತಿಯಿಂದ ಜನಿಸಿದಂತಿರುವ ಈ ಅಕ್ಷರಗಳ ಸೌಷ್ಠವವು ಬಹುಮಟ್ಟಿಗೆ ಜ್ಯಾಮಿತಿಯ ನಿಯಮವನ್ನು ಕದ್ದು ಮುರಿದುದರ ಫಲ.

1919ರಲ್ಲಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯ ವೈಮಾರ್ ನಗರದಲ್ಲಿ ಸ್ಥಾಪಿಸಿದ ಬೌಹೌಸ್ ಕಲಾಶಾಲೆಯು 1925ರಲ್ಲಿ ಡೆಸ್ಸೌಗೆ ನೆಲೆ ಬದಲಿಸಿದಾಗ, ಅದರ ಮುದ್ರಣ ವಿಭಾಗದ ಹೊಣೆ ಹೊತ್ತ ಹರ್ಬರ್ಟ್ ಬಾಯರ್ ಎಂಬ ಆಸ್ಟ್ರಿಯದ ತರುಣನು, ಜರ್ಮನ್ ಪುಸ್ತಕಗಳಲ್ಲಿ ಬೇರೂರಿದ್ದ ಮೊನಚು ಮೊನಚಾದ ಗಾಥಿಕ್ ಅಕ್ಷರಗಳಿಗೆ ಪ್ರತಿಯಾಗಿ, ವೃತ್ತಖಂಡ ಸರಳರೇಖೆಗಳಿಂದಲೇ ಘಟಿತವಾದ 'ಯೂನಿವರ್ಸಲ್' ಎಂಬ ವರ್ಣಮಾಲೆಯನ್ನು ಕಲ್ಪಿಸಿದನು. ಸೆರಿಫ್ ಎಂದು ಕರೆಯುವ ತುದಿಯ ಕಿರುಗೆರೆಗಳು ಅದರಲ್ಲಿಲ್ಲ, ದೊಡ್ಡಕ್ಷರಗಳೂ ಇಲ್ಲ. ನಾಮಪದಗಳನ್ನೆಲ್ಲ ದೊಡ್ಡಕ್ಷರದಿಂದ ಆರಂಭಿಸುವ ಜರ್ಮನರ ನಡುವೆ ಇದು ಸಾಮಾನ್ಯ ಬಂಡಾಯವಲ್ಲ. (ಶಾಲೆಯ ಹೊಸ ಕಟ್ಟಡದ ಗೋಡೆಯ ಮೇಲೆ ಅದೇ ಬಾಯರ್ ಮೇಲಿಂದ ಕೆಳಕ್ಕೆ ನಿಲ್ಲಿಸಿದ ಹೆಸರು ಮಾತ್ರ ದೊಡ್ಡಕ್ಷರಗಳಲ್ಲಿಯೇ ಇದೆಯೆಂಬುದು ಬೇರೆ ಮಾತು.) ಅಂದು ಸೀಸದ ಮೊಳೆಗಳಾಗಿ ಮಾರುಕಟ್ಟೆಗೆ ಬಾರದ ಆ ಕಲ್ಪನೆಯಿಂದ ಸ್ಫೂರ್ತಿಗೊಂಡು, 1975ರಲ್ಲಿ ಎಡ್ ಬೆಂಗಿಯಟ್ ಮತ್ತು ವಿಕ್ಟರ್ ಕರುಸೊ 'ಐಟಿಸಿ ಬೌಹೌಸ್' ಎಂಬ ಫಾಂಟನ್ನು ರಚಿಸಿದರು.

ಕಷ್ಟವಿರುವುದು ಇಂಥ ಅಕ್ಷರಗಳನ್ನು ದಪ್ಪ ಮಾಡುವುದರಲ್ಲಿ. ಇಂಗ್ಲಿಷಿನ 'ಓ' ಅಕ್ಷರವನ್ನು ಎಲ್ಲೆಡೆಯೂ ಸಮಾನ ದಪ್ಪದ ಬಳೆಯಾಗಿ ಬರೆದರೆ, ಅಡ್ಡಗೆರೆಯನ್ನು ನಿಲುಗೆರೆಗಿಂತ ದಪ್ಪವೆಂದು ಗ್ರಹಿಸುವ ನಮ್ಮ ಕಣ್ಣಿಗೆ ಅದರ ನೆತ್ತಿಯೂ ಬುಡವೂ ಊದಿಕೊಂಡಂತೆ ಕಾಣುತ್ತವೆ. ಆದುದರಿಂದ ಆ ಎರಡು ಕಡೆಗಳನ್ನು ಕೊಂಚ ಸವೆಸಬೇಕು. ಪಕ್ಕದ ಚಪ್ಪಟೆ ಅಕ್ಷರದಷ್ಟೇ ಎತ್ತರವಿಟ್ಟರೆ ದುಂಡಕ್ಷರವು ಕುಳ್ಳಾಗಿ ತೋರುವುದರಿಂದ, ಅದನ್ನು ಮೇಲೂ ಕೆಳಗೂ ಕೂದಲೆಳೆಯಷ್ಟು ಹೊರಚಾಚಿಸಬೇಕು. 'ಎನ್' ಅಕ್ಷರದ ಕಮಾನು ಕಂಬವನ್ನು ಸೇರುವಲ್ಲಿ ಗೆರೆಯನ್ನು ಕೃಶಗೊಳಿಸದಿದ್ದರೆ ಅಲ್ಲೊಂದು ಮಸಿಯ ಕಲೆ ನಿಂತುಬಿಡುತ್ತದೆ. ಪೌಲ್ ರೆನ್ನರ್ ರಚಿಸಿ, 1927ರಲ್ಲಿ ಫ್ರಾಂಕ್‌ಫರ್ಟಿನ ಬಾವರ್ ಎರಕಶಾಲೆ ಹೊರತಂದ 'ಫ್ಯೂಚುರಾ' ಕೂಡ ಮೊದಲ ಕರಡುಗಳ ಕಟ್ಟುನಿಟ್ಟಾದ ಜ್ಯಾಮಿತಿಯನ್ನು ಸಡಿಲಿಸಿಕೊಂಡೇ ಲೋಕಪ್ರಿಯವಾಯಿತು.

ಸ್ವಭಾವತಃ ದುಂಡಾದ ನಮ್ಮ ಕನ್ನಡ ಲಿಪಿಗೆ ಈ ವೇಷ ಸಲೀಸಾಗಿ ಒಪ್ಪೀತೆಂದು ಭಾವಿಸುವುದು ಅವಸರದ ಮಾತು. ಗುಡಿಸು, ದೀರ್ಘ, ಒತ್ತು ಇವೆಲ್ಲವನ್ನೂ ದಪ್ಪಗೆರೆಯಲ್ಲಿ ತುಂಬಹೊರಟರೆ 'ಸ್ತ್ರೀ' ಎಂಬೊಂದು ಅಕ್ಷರದಲ್ಲಿಯೇ ಗಾಳಿಯಾಡಲು ಸ್ಥಳವಿರದು. ಒತ್ತಕ್ಷರವನ್ನು ಕಿರಿದಾಗಿಸಿ ಗೆರೆಯನ್ನೂ ತೆಳುಗೊಳಿಸಬೇಕು, ಆದರೂ ಅದು ಬಡಕಲಾಗಿ ಕಾಣಬಾರದು. ಮುಂಬಯಿಯ ಏಕ್ ಟೈಪ್ ಬಳಗದ 'ಬಾಲೂ ತಮ್ಮ' ಎಂಬ ಕನ್ನಡ ಫಾಂಟು, ಕೈವಾರದ ಹಟವನ್ನು ಬಿಟ್ಟುಕೊಟ್ಟು, ಮೂಲೆಗಳನ್ನು ಮೃದುಗೊಳಿಸಿ, ಈ ಇಕ್ಕಟ್ಟನ್ನು ನಗುಮುಖದಿಂದಲೇ ದಾಟಿದೆಯೆಂದು ನನ್ನ ಅಭಿಪ್ರಾಯ. ಉಚಿತವಾಗಿ ದೊರೆಯುವ ಅದನ್ನು ಶೀರ್ಷಿಕೆಗೂ ಫಲಕಕ್ಕೂ ಯಥೇಚ್ಛವಾಗಿ ಬಳಸಬಹುದು. ಆದರೆ ಲಗ್ನಪತ್ರಿಕೆಯ ಒಕ್ಕಣೆಯನ್ನೆಲ್ಲ ಅದರಲ್ಲಿಯೇ ಕಿರಿದಾಗಿ ಅಚ್ಚು ಹಾಕಿಸಿದರೆ, ಅಕ್ಷರಗಳ ಹೊಟ್ಟೆಯ ಬಿಳಿಯೆಲ್ಲ ಮಸಿಯಿಂದ ಮುಚ್ಚಿಹೋಗಿ, ಮುಹೂರ್ತದ ವೇಳೆಯನ್ನು ದೂರವಾಣಿಯಲ್ಲಿ ವಿಚಾರಿಸಬೇಕಾದೀತು.