ಮರೆವು ಬಂದವರ ಉಯಿಲು

ಪ್ರಶ್ನೆ: ಮರೆವು ಬಂದಿರುವ ನಮ್ಮ ಅಜ್ಜಿ ಹೇಳಿದಂತೆ ವಕೀಲರು ಉಯಿಲು ಬರೆಯಬಹುದೇ?

ಉತ್ತರ: ಬರೆಯಬಹುದು, ಏಕೆಂದರೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 59ನೆಯ ಪ್ರಕರಣವು ನೋಡುವುದು ವೃದ್ಧಾಪ್ಯವನ್ನಲ್ಲ, ತಾನು ಮಾಡುತ್ತಿರುವುದೇನೆಂಬ ಅರಿವನ್ನು; ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯವಿಲ್ಲದವರೂ ಸ್ವಸ್ಥರಾಗಿರುವ ಅವಧಿಯಲ್ಲಿ ಉಯಿಲು ಮಾಡಬಹುದೆಂದು ಅದು ಸ್ಪಷ್ಟಪಡಿಸಿದೆ. ತನ್ನ ಆಸ್ತಿಯೆಷ್ಟು, ಅದರಲ್ಲಿ ಪಾಲು ನಿರೀಕ್ಷಿಸತಕ್ಕವರಾರು, ಹಂಚಿಕೆಯ ಪರಿಣಾಮವೇನು ಎಂಬುದರ ತಿಳಿವಳಿಕೆಯನ್ನೇ ಒರೆಗಲ್ಲಾಗಿಸಿದ 1870ರ ಇಂಗ್ಲೆಂಡಿನ ಬ್ಯಾಂಕ್ಸ್ ಮೊಕದ್ದಮೆಯಲ್ಲಿ, ಸತ್ತವನೊಬ್ಬನು ತನ್ನನ್ನು ಪೀಡಿಸುತ್ತಿರುವನೆಂದು ನಂಬಿದ್ದಾತನ ಉಯಿಲು ಕೂಡ, ಆ ಭ್ರಾಂತಿಯು ಹಂಚಿಕೆಯನ್ನು ಸೋಂಕಿರಲಿಲ್ಲವಾದ ಕಾರಣ, ಊರ್ಜಿತವಾಯಿತು. ಎಷ್ಟು ಉದಾರವಾದ ತೀರ್ಪು! ಆದುದರಿಂದ ವಕೀಲರು ಮನೆಮಂದಿಯನ್ನು ಹೊರಗೆ ಕೂರಿಸಿ (ಇದನ್ನು ನಾನು ಅತ್ಯಗತ್ಯವೆಂದೇ ಎಣಿಸುತ್ತೇನೆ), ಹೌದು, ಅಲ್ಲ ಎಂಬಷ್ಟರಲ್ಲೇ ಮುಗಿಯದ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಅಜ್ಜಿಯ ಮಾತಿನಲ್ಲಿಯೇ ಬರೆದಿಟ್ಟು, ಸಂಶಯವುಳಿದಲ್ಲಿ ವೈದ್ಯರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯತಕ್ಕದ್ದು.