ಹೆಸರು ಮರೆತರೂ ಹಾಡು ಮರೆಯದು

ಮಗಳ ಹೆಸರು ಮರೆತ ಹಿರಿಯರಿಗೆ
ಯಕ್ಷಗಾನದ ಪದ್ಯ ಮಾತ್ರ ನೆನಪಿರುವುದು ಹೇಗೆ?

ಡಿಮೆನ್ಷಿಯಾ ಎಂದರೆ ನೆನಪು, ಮಾತು, ವಿವೇಚನೆಗಳನ್ನು
ಕ್ರಮೇಣ ಕುಗ್ಗಿಸುವ ಮಿದುಳಿನ ತೊಂದರೆ;
ಅದರ ಮುಖ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆಯಲ್ಲಿ
ಹಳೆಯ ಹಾಡುಗಳ ನೆನಪಿಗೆ ಆಧಾರವಾದ ಭಾಗಗಳು
ಕಡಿಮೆ ಸವೆದಿರುತ್ತವೆಂದು
2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ತೋರಿಸಿದರು.
ಮುಂಬಾಗಿಲಿಗೆ ಅಗುಳಿ ಬಿದ್ದ ಮನೆಯನ್ನು
ಹಿತ್ತಲ ಬಾಗಿಲಿನಿಂದ ಹೊಕ್ಕಂತೆ,
ಮಾತು ತಲುಪದಲ್ಲಿಗೆ ರಾಗ ತಲುಪುತ್ತದೆ.

ಆದರೆ ಯಾವುದೋ ಒಂದು ಹಾಡು ಸಾಲದು.
ಹರೆಯದಲ್ಲಿ ಕಿವಿಗೆ ಬಿದ್ದದ್ದೇ ಆಳವಾಗಿ ಉಳಿಯುವುದರಿಂದ,
ಕಾರ್ಕಳದ ಗದ್ದೆಯಲ್ಲಿ ನೇಜಿ ನೆಟ್ಟ ಅಜ್ಜಿಗೆ ನಾಟಿಯ ಹಾಡಾದ ಓಬೇಲೆ,
ಕಾಪುವಿನ ಕಡಲತಡಿಯ ಮೊಗವೀರ ಅಜ್ಜನಿಗೆ ಭಜನಾ ಮಂದಿರದ ತಾಳ,
ಉಡುಪಿಯ ಬಯಲಾಟಗಳಲ್ಲಿ ರಾತ್ರಿ ಕಳೆದವರಿಗೆ
ಯಕ್ಷಗಾನದ ಹಾಡುಗಾರ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು ಹೊಂದೀತು;
ಮಣಿಪಾಲದ ಫ್ಲ್ಯಾಟಿನಲ್ಲಿ ಬೆಳೆದ ಮೊಮ್ಮಕ್ಕಳ ಇಷ್ಟ
ಇಲ್ಲಿ ಲೆಕ್ಕಕ್ಕಿಲ್ಲ.

ಸಂಜೆ ಚಡಪಡಿಕೆ ಏರುವವರಿಗೆ
ಅದಕ್ಕೆ ಅರ್ಧ ಗಂಟೆ ಮೊದಲೇ ಹಾಡು ಕೇಳಿಸಬೇಕೆಂಬುದು
ಅಮೆರಿಕದ ಶುಶ್ರೂಷಾ ತಜ್ಞೆ ಲಿಂಡಾ ಗೆರ್ಡ್‌ನರ್ ರೂಪಿಸಿದ ಕ್ರಮ.

ಹಾಡು ಕಾಯಿಲೆಯನ್ನು ವಾಸಿ ಮಾಡದು,
ಮನಸ್ಸಿನ ಭಾರವನ್ನು ತಗ್ಗಿಸೀತು, ಅಷ್ಟೆ.
ಕೇಳುವಾಗ ಮುಖ ಕಿವುಚಿದರೆ, ಕೈ ಅಡ್ಡ ಬಂದರೆ,
ಎಷ್ಟೇ ಪ್ರಸಿದ್ಧವಾಗಿದ್ದರೂ ಆ ಹಾಡನ್ನು
ಕೂಡಲೇ ನಿಲ್ಲಿಸಬೇಕು.